ಪೆನಿ ಎಂಬ ಕಾರ್ಡಿಗೆ ಡೆಕ್ಕಿನಲ್ಲಿ ಜಾಗ ಯಾವಾಗ?

ಪೊಕೆಮಾನ್ ಕಾರ್ಡ್ ಆಟದಲ್ಲಿ ಪೆನಿ ಅಂತ ಒಂದು ಸಪೋರ್ಟರ್ ಕಾರ್ಡ್ ಇದೆ. 2023ರ ಮಾರ್ಚ್ 31ರಂದು, ಸ್ಕಾರ್ಲೆಟ್ ಅಂಡ್ ವಯಲೆಟ್ ಸರಣಿಯ ಮೊದಲ ಸೆಟ್ಟಿನ ಜೊತೆ ಬಂದದ್ದು. ಅದು ಹೇಳುವ ಕೆಲಸ ಇಷ್ಟೇ: ನಿಮ್ಮ ಬೇಸಿಕ್ (ವಿಕಾಸಗೊಳ್ಳದೆ ನೇರವಾಗಿ ಆಟಕ್ಕೆ ಇಳಿಯುವ) ಪೊಕೆಮಾನ್‌ಗಳಲ್ಲಿ ಯಾವುದಾದರೂ ಒಂದನ್ನು, ಅದಕ್ಕೆ ಸೇರಿಸಿದ ಕಾರ್ಡುಗಳನ್ನೆಲ್ಲ ಜೊತೆಗಿಟ್ಟುಕೊಂಡು, ವಾಪಸ್ ಕೈಗೆ ತೆಗೆದುಕೊಳ್ಳಿ.

ಅದು ಹೊಸ ಕಾರ್ಡು ಎಳೆಯುವುದಿಲ್ಲ. ಡೆಕ್ಕಿನಿಂದ ಏನನ್ನೂ ಹುಡುಕಿ ತರುವುದಿಲ್ಲ. ಎದುರಾಳಿಗೆ ಒಂದು ಏಟನ್ನೂ ಕೊಡುವುದಿಲ್ಲ. ಹೊಸದಾಗಿ ಡೆಕ್ ಕಟ್ಟುವವರು ಇದನ್ನು ಓದಿ ಪಕ್ಕಕ್ಕಿಡುವುದು ಸಹಜ. ಹಲವು ಡೆಕ್ಕುಗಳಲ್ಲಿ ಹಾಗೆ ಪಕ್ಕಕ್ಕಿಡುವುದೇ ಸರಿ. ಆದರೆ ಕೆಲವು ಡೆಕ್ಕುಗಳಲ್ಲಿ ಈ ಒಂದು ಕಾರ್ಡು ಇಡೀ ಆಟದ ಲೆಕ್ಕವನ್ನು ಬದಲಿಸುತ್ತದೆ. ಅವು ಯಾವುವು, ಅದನ್ನು ಮೊದಲೇ ಗುರುತಿಸುವುದು ಹೇಗೆ ಅನ್ನುವುದನ್ನು ಬಹಳ ದಿನಗಳಿಂದ ಬರೆಯಬೇಕೆಂದುಕೊಂಡಿದ್ದೆ. ಎಲ್ಲ ಡೆಕ್ಕಿಗೂ ಹೋಗುವ ಕಾರ್ಡುಗಳ ಬಗ್ಗೆ ಬೇಕಾದಷ್ಟು ಮಾತು ನಡೆಯುತ್ತದೆ. ಇಂಥ ಮೂಲೆಯ ಕಾರ್ಡುಗಳನ್ನು ತೂಗಿ ನೋಡುವಾಗಲೇ ಆಟ ನಿಜಕ್ಕೂ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇಬ್ಬರು ಆಡುವ ಆಟ. ತಲಾ 60 ಕಾರ್ಡುಗಳ ಡೆಕ್. ಪೊಕೆಮಾನ್‌ಗೆ ಸೇರಿಸಿ ಹೊಡೆತಕ್ಕೆ ಬಲ ಕೊಡುವ ಎನರ್ಜಿ ಕಾರ್ಡುಗಳಲ್ಲಿ ಬೇಸಿಕ್ ಅನ್ನುವವನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಶುರುವಿಗೆ ಕೈಗೆ 7 ಕಾರ್ಡು, ಪ್ರೈಜ್ ಅಂತ 6 ಕಾರ್ಡು ಕವುಚಿ ಪಕ್ಕಕ್ಕೆ. ಎದುರಾಳಿಯ ಪೊಕೆಮಾನ್ ಒಂದನ್ನು ಕೆಡವಿದರೆ ನಿಮ್ಮ ಪ್ರೈಜ್‌ನಿಂದ ಒಂದು ಕಾರ್ಡು ಎತ್ತುತ್ತೀರಿ. ಬಿದ್ದದ್ದು ಇಎಕ್ಸ್ ಅಥವಾ ವಿ ಅಂತ ಕರೆಯುವ ದೊಡ್ಡ ಪೊಕೆಮಾನ್ ಆದರೆ ಎರಡು. ಆರೂ ಮೊದಲು ಎತ್ತಿದವರು ಗೆದ್ದರು. ಮುಂದೆ ನಿಂತು ಕಾದಾಡುವುದು ಒಂದೇ ಪೊಕೆಮಾನ್, ಅದು ಆಕ್ಟಿವ್. ಹಿಂದೆ ಬೆಂಚಿನಲ್ಲಿ ಐದರವರೆಗೆ ಕೂರಿಸಬಹುದು.

ಸಪೋರ್ಟರ್ ಅನ್ನುವುದು ಒಂದು ಸರದಿಗೆ ಒಂದೇ ಒಂದು ಆಡಬಹುದಾದ ಕಾರ್ಡು. ಮೊದಲು ಆಡುವವರಿಗೆ ಮೊದಲ ಸರದಿಯಲ್ಲಿ ಅದೂ ಇಲ್ಲ. ಈ ಕಟ್ಟಳೆ ಆಟ ಹುಟ್ಟಿದಾಗ ಇರಲಿಲ್ಲ. 1996ರಲ್ಲಿ ಜಪಾನಿನಲ್ಲಿ, 1999ರಲ್ಲಿ ಇಂಗ್ಲಿಷಿನಲ್ಲಿ ಮೊದಲ ಸೆಟ್ ಬಂದಾಗ ಪ್ರೊಫೆಸರ್ ಓಕ್ ಎಂಬ ಕಾರ್ಡು ಕೈಯನ್ನೆಲ್ಲ ಎಸೆದು ಏಳು ಹೊಸ ಕಾರ್ಡು ಎಳೆಯಲು ಬಿಡುತ್ತಿತ್ತು. ಸಿಕ್ಕಿದರೆ ಒಂದೇ ಸರದಿಯಲ್ಲಿ ಎರಡು ಸಲ, ಮೂರು ಸಲ ಆಡಬಹುದಿತ್ತು. ಇಂದಿನ ಪ್ರೊಫೆಸರ್ಸ್ ರಿಸರ್ಚ್ ಮಾಡುವುದೂ ಅದೇ ಕೆಲಸ, ಆದರೆ ಅದು ಸಪೋರ್ಟರ್, ಸರದಿಗೆ ಒಂದೇ. ಈ ಕಟ್ಟು ಬಿದ್ದ ಮೇಲೆ ಸಪೋರ್ಟರ್ ಕಾರ್ಡಿನ ನಿಜವಾದ ಬೆಲೆ ಅದರ ಮೇಲೆ ಅಚ್ಚಾಗಿಲ್ಲ. ಪೆನಿ ಆಡಿದ ಸರದಿಯಲ್ಲಿ ರಿಸರ್ಚ್ ಆಡಲಿಲ್ಲ, ಎದುರಾಳಿಯ ಬೆಂಚಿನಿಂದ ಬೇಕಾದ್ದನ್ನು ಮುಂದಕ್ಕೆ ಎಳೆಯುವ ಬಾಸಸ್ ಆರ್ಡರ್ಸ್ ಆಡಲಿಲ್ಲ, ಇಬ್ಬರ ಕೈಯನ್ನೂ ಡೆಕ್ಕಿನ ಅಡಿಗೆ ಕಳಿಸುವ ಅಯೋನೋ ಆಡಲಿಲ್ಲ. ಅವನ್ನೆಲ್ಲ ಬಿಟ್ಟುಕೊಟ್ಟೂ ಪೆನಿ ಬೇಕು ಅನ್ನಿಸುವ ಸರದಿ ಒಂದು ಆಟದಲ್ಲಿ ಎಷ್ಟು ಸಲ ಬರುತ್ತದೆ? ನನ್ನ ಅಳತೆ ಇದೇ. ‘ಈ ಕಾರ್ಡು ಏನು ಮಾಡುತ್ತದೆ’ ಅನ್ನುವ ಪ್ರಶ್ನೆ ಆಮೇಲಿನದು.

ಪೊಕೆಮಾನನ್ನು ಕೈಗೆ ವಾಪಸ್ ತರುವುದು ಈ ಆಟದಲ್ಲಿ ಹಳೆಯ ಆಸೆ. ಮೊದಲ ಸೆಟ್ಟಿನಲ್ಲೇ ಸ್ಕೂಪ್ ಅಪ್ ಅಂತ ಇತ್ತು, ಬೇಸಿಕ್ ಕಾರ್ಡೊಂದನ್ನು ಕೈಗೆ ಕೊಟ್ಟು ಉಳಿದದ್ದನ್ನೆಲ್ಲ ಕಸಕ್ಕೆ, ಅಂದರೆ ಆಡಿ ಎಸೆದ ಕಾರ್ಡುಗಳ ರಾಶಿಗೆ, ಕಳಿಸುತ್ತಿತ್ತು. ಸೂಪರ್ ಸ್ಕೂಪ್ ಅಪ್ ಬಂದಾಗ ಎಲ್ಲವೂ ಕೈಗೆ ಬರುವಂತಾಯಿತು, ಆದರೆ ನಾಣ್ಯ ಚಿಮ್ಮಿ ತಲೆ ಬೀಳಬೇಕು. 2014ರ ಎಜ಼ಡ್ ಸಪೋರ್ಟರ್ ಆಗಿತ್ತು. ನಾಣ್ಯವಿಲ್ಲ, ಯಾವ ಪೊಕೆಮಾನ್ ಆದರೂ ಸರಿ, ಆದರೆ ಸೇರಿಸಿದ್ದೆಲ್ಲ ಕಸಕ್ಕೆ. 2017ರ ಅಸಿರೋಲಾ ಎಲ್ಲವನ್ನೂ ಉಳಿಸುತ್ತಿತ್ತು, ಆದರೆ ಏಟು ಬಿದ್ದ ಪೊಕೆಮಾನ್ ಮಾತ್ರ. 2020ರ ಸ್ಕೂಪ್ ಅಪ್ ನೆಟ್ ಸಪೋರ್ಟರೇ ಅಲ್ಲ, ಐಟಂ. ಸರದಿಗೆ ಎಷ್ಟಾದರೂ ಆಡಬಹುದು, ದೊಡ್ಡ ಪೊಕೆಮಾನ್‌ಗಳನ್ನು ಮಾತ್ರ ಮುಟ್ಟುವುದಿಲ್ಲ. 2022ರ ಚೆರೆನ್ಸ್ ಕೇರ್ ಬಣ್ಣರಹಿತ ಬಗೆಯ, ಏಟು ತಿಂದ ಪೊಕೆಮಾನ್‌ಗಳಿಗೆ ಸೀಮಿತ.

ಈ ಸಾಲನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಕಾರ್ಡು ರೂಪಿಸುವವರು ಒಂದೇ ಶಕ್ತಿಗೆ ಬೇರೆ ಬೇರೆ ಬಾಗಿಲು ಹಾಕುತ್ತಾ ಬಂದಿದ್ದಾರೆ ಅನ್ನುವುದು ಕಾಣುತ್ತದೆ. ಒಂದರಲ್ಲಿ ಅದೃಷ್ಟ, ಇನ್ನೊಂದರಲ್ಲಿ ನಷ್ಟ, ಮತ್ತೊಂದರಲ್ಲಿ ಬಗೆ. ಪೆನಿಯ ಬಾಗಿಲು ‘ಬೇಸಿಕ್’ ಅನ್ನುವ ಒಂದು ಪದ. ವಿಕಾಸಗೊಂಡ ಪೊಕೆಮಾನನ್ನು ಅದು ಮುಟ್ಟಲಾರದು. ಚಾರಿಜ಼ಾರ್ಡ್ ಇಎಕ್ಸ್, ಗಾರ್ಡಿವಾರ್ ಇಎಕ್ಸ್ ಥರದವನ್ನು ನಂಬಿದ ಡೆಕ್ಕಿನಲ್ಲಿ ಮುಖ್ಯ ಹೋರಾಟಗಾರನಿಗೇ ಪೆನಿ ನೆರವಾಗದು. ಆದರೆ ಏಟು ಬಿದ್ದಿರಬೇಕು ಅನ್ನುವ ಷರತ್ತು ಇಲ್ಲ, ನಾಣ್ಯವಿಲ್ಲ, ಎನರ್ಜಿ ಕಸಕ್ಕೆ ಹೋಗುವುದಿಲ್ಲ, ಇಎಕ್ಸ್ ಆದರೂ ಅಡ್ಡಿಯಿಲ್ಲ. ಬೇಸಿಕ್ ಪೊಕೆಮಾನ್‌ಗಳೇ ತುಂಬಿರುವ ಡೆಕ್ಕಿಗೆ ಇದು ಬಹಳ ಉದಾರವಾದ ಕಾರ್ಡು.

ಅಂಥ ಡೆಕ್ಕುಗಳು ಸಣ್ಣವೇನಲ್ಲ. 2024ರ ಆಗಸ್ಟ್‌ನಲ್ಲಿ ಹೊನೊಲುಲುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪನ್ನು ಚಿಲಿಯ ಫರ್ನಾಂಡೊ ಸಿಫುವೆಂಟೆಸ್ ಗೆದ್ದದ್ದು ಐರನ್ ಥಾರ್ನ್ಸ್ ಇಎಕ್ಸ್ ಎಂಬ ಬೇಸಿಕ್ ಪೊಕೆಮಾನನ್ನು ಮುಂದಿಟ್ಟುಕೊಂಡು. ನಮ್ಮ ಮನೆಯಲ್ಲಿ ನಾನೂ ತಂಗಿಯ ಮಗನೂ ಈಗಲೂ ಆ 2024ರ ಕಾಲದ ಕಾರ್ಡುಗಳಿಗೇ ಸೀಮಿತವಾಗಿ ಆಡುತ್ತೇವೆ. ಅಧಿಕೃತ ಪಂದ್ಯಗಳಲ್ಲಿ ವರ್ಷಕ್ಕೊಮ್ಮೆ ಹಳೆಯ ಕಾರ್ಡುಗಳು ಹೊರಬೀಳುತ್ತವೆ. ನಮಗೆ ಆ ಕಾಲದ ಆಟ ಇಷ್ಟ, ಅಷ್ಟೇ. ಇಲ್ಲಿ ಹೇಳುವ ಲೆಕ್ಕಗಳೂ ಆ ಕಾಲದವೇ.

ಈಗ ಏಟಿನ ಲೆಕ್ಕಕ್ಕೆ ಬರೋಣ. ಪೆನಿ ಉಳಿಸಬೇಕಾದರೆ ಉಳಿಯುವುದಕ್ಕೆ ಏನಾದರೂ ಇರಬೇಕು. ಒಂದೇ ಏಟಿಗೆ ಬಿದ್ದ ಪೊಕೆಮಾನ್ ಕಸದ ರಾಶಿಯಲ್ಲಿರುತ್ತದೆ, ಅಲ್ಲಿಂದ ಪೆನಿ ಎತ್ತಲಾರಳು. ಹಾಗಾಗಿ ಕೇಳಬೇಕಾದ್ದು: ಎದುರಾಳಿಯ ದೊಡ್ಡ ಏಟು ಎಷ್ಟು, ನನ್ನ ಪೊಕೆಮಾನಿನ ಎಚ್‌ಪಿ, ಅಂದರೆ ಬೀಳುವ ಮೊದಲು ತಾಳಿಕೊಳ್ಳುವ ಏಟು, ಎಷ್ಟು.

ಐರನ್ ಹ್ಯಾಂಡ್ಸ್ ಇಎಕ್ಸ್ ತೆಗೆದುಕೊಳ್ಳಿ. ಬೇಸಿಕ್, 230 ಎಚ್‌ಪಿ. ಅದರ ನಾಲ್ಕು ಎನರ್ಜಿಯ ಹೊಡೆತದಿಂದ ಎದುರಾಳಿ ಬಿದ್ದರೆ ಒಂದು ಪ್ರೈಜ್ ಹೆಚ್ಚಿಗೆ ಸಿಗುತ್ತದೆ. ಎದುರಿಗೆ ಮಿರಾಯ್ಡಾನ್ ಇಎಕ್ಸ್ ಬಂದು ತನ್ನ 220ರ ಹೊಡೆತ ಹೊಡೆಯಿತು. ಹ್ಯಾಂಡ್ಸ್ ಹತ್ತು ಎಚ್‌ಪಿಯಲ್ಲಿ ಉಳಿದುಕೊಂಡಿತು. ಆ ಹೊಡೆತ ಹೊಡೆದ ಮಿರಾಯ್ಡಾನ್ ಮುಂದಿನ ಸರದಿಯಲ್ಲಿ ಹೊಡೆಯುವಂತಿಲ್ಲ ಎಂಬ ಷರತ್ತೂ ಇದೆ. ಈಗ ಪೆನಿ ಆಡಿದರೆ ಆ 220 ಪೂರ್ತಿ ನೀರುಪಾಲು. ಎದುರಾಳಿ ಒಂದು ಇಡೀ ಸರದಿಯ ದುಡಿಮೆಯನ್ನು ಕಳೆದುಕೊಂಡ ಹಾಗಾಯಿತು.

ಅದೇ ಹ್ಯಾಂಡ್ಸ್ ಎದುರಿಗೆ ಚಿಯೆನ್-ಪಾವ್ ಇಎಕ್ಸ್ ನಿಂತರೆ? ಅದು ಎಸೆಯುವ ಪ್ರತಿ ನೀರಿನ ಎನರ್ಜಿಗೆ 60ರಂತೆ ಹೊಡೆಯುತ್ತದೆ. ನಾಲ್ಕು ಎನರ್ಜಿ ಎಸೆದರೆ 240. ಹ್ಯಾಂಡ್ಸ್ ಒಂದೇ ಏಟಿಗೆ ಹೋಯಿತು. ಆ ಡೆಕ್ಕಿನ ಎದುರು ಗಾಯಾಳುವನ್ನು ಉಳಿಸುವ ಕೆಲಸಕ್ಕೆ ಪೆನಿ ಇಟ್ಟುಕೊಂಡರೆ ಅದು ಕೈಯಲ್ಲಿ ಸತ್ತ ಕಾರ್ಡು.

ನನಗೆ ಬಹಳ ಕುತೂಹಲ ಅನ್ನಿಸುವುದು ಚಾರಿಜ಼ಾರ್ಡ್ ಇಎಕ್ಸ್ ಎದುರಿನ ಆಟ. ಅದರ ಹೊಡೆತ 180ರಿಂದ ಶುರು. ನಾನು ಎತ್ತಿದ ಪ್ರತಿ ಪ್ರೈಜ್‌ಗೆ 30 ಏರುತ್ತದೆ. ನಾನು ಒಂದೂ ಎತ್ತಿಲ್ಲದಿದ್ದರೆ 180, ಒಂದು ಎತ್ತಿದ್ದರೆ 210. ಎರಡೂ ಸಲ ಹ್ಯಾಂಡ್ಸ್ ಬದುಕುತ್ತದೆ. ಎರಡು ಎತ್ತಿದ ಕ್ಷಣಕ್ಕೆ 240, ಅಲ್ಲಿಗೆ ಮುಗಿಯಿತು. ನಾನು ಗೆಲ್ಲುತ್ತಾ ಹೋದ ಹಾಗೆ ನನ್ನ ಕೈಯಲ್ಲಿರುವ ಪೆನಿಯ ಬೆಲೆ ಇಳಿಯುತ್ತಾ ಹೋಗುತ್ತದೆ. ಆ ಆಟದಲ್ಲಿ ಪೆನಿ ಆಡುವ ಕಿಟಕಿ ಶುರುವಿನಲ್ಲಿ ತುಸು ಹೊತ್ತು ತೆರೆದಿದ್ದು ಮುಚ್ಚಿಹೋಗುತ್ತದೆ. ಕೊನೆಗೆ ಬೇಕಾದೀತು ಅಂತ ಉಳಿಸಿಟ್ಟರೆ ಪ್ರಯೋಜನವಿಲ್ಲ. ಕಾರ್ಡಿನ ಬೆಲೆ ಒಂದೇ ಅಂಕಿಯಲ್ಲಿ ಹೇಳಲಾಗುವಂಥದ್ದಲ್ಲ, ಆಟದ ಯಾವ ಘಟ್ಟದಲ್ಲಿ ಅನ್ನುವುದೂ ಅದರೊಳಗೇ ಸೇರಿದೆ.

ಉಳಿಸಿದ ಮೇಲಿನ ಕತೆ ಇನ್ನೊಂದು. ಹ್ಯಾಂಡ್ಸ್ ಕೈಗೆ ಬಂತು, ಅದರ ನಾಲ್ಕು ಎನರ್ಜಿಯೂ ಕೈಗೆ ಬಂದವು. ಕಾರ್ಡುಗಳೇನೋ ಉಳಿದವು. ಆದರೆ ಕೈಯಿಂದ ಎನರ್ಜಿ ಸೇರಿಸುವುದು ಸರದಿಗೆ ಒಂದೇ. ಮಿರಾಯ್ಡಾನ್ ಡೆಕ್ಕುಗಳು ನಂಬುವ ಎಲೆಕ್ಟ್ರಿಕ್ ಜನರೇಟರ್ ಡೆಕ್ಕಿನ ಮೇಲಿನ ಐದು ಕಾರ್ಡುಗಳನ್ನು ನೋಡಿ ಅಲ್ಲಿಂದ ಎನರ್ಜಿ ಕೊಡುತ್ತದೆಯೇ ಹೊರತು ಕೈಯಲ್ಲಿರುವುದು ಅದಕ್ಕೆ ಕಾಣುವುದಿಲ್ಲ. ಪೊಕೆಮಾನ್ ಬದುಕಿತು, ಹೋರಾಟಗಾರ ಹೋದ. ಚೌಕಾಬಾರದಲ್ಲಿ ಎದುರಾಳಿ ಕಡಿದಾಗ ನಮ್ಮ ಕಾಯಿ ಮನೆಗೆ ಹೋಗಿ ಸುತ್ತನ್ನು ಮೊದಲಿಂದ ಶುರುಮಾಡಬೇಕಲ್ಲ, ಇಲ್ಲಿ ಆ ಸುತ್ತನ್ನು ನಾವೇ ಒಪ್ಪಿಕೊಂಡು ಕಾಯಿಯನ್ನು ಕಡಿತದಿಂದ ತಪ್ಪಿಸುತ್ತೇವೆ. ಎರಡು ಪ್ರೈಜ್ ತಪ್ಪಿಸಿದ್ದಕ್ಕೆ ಮೂರು ಸರದಿ ತೆರಬೇಕಾಗಿ ಬಂದರೆ ಆ ವ್ಯಾಪಾರ ಗಿಟ್ಟುವುದಿಲ್ಲ.

ಹಾಗಾದರೆ ಆ ತೆರಿಗೆ ಯಾರಿಗಿಲ್ಲ? ಹೊಡೆಯುವುದನ್ನೇ ನೆಚ್ಚದ ಡೆಕ್ಕಿಗೆ.

2023–24ರ ಹೊತ್ತಿಗೆ ಸ್ನಾರ್ಲ್ಯಾಕ್ಸ್ ಡೆಕ್ ಅಂತ ಒಂದು ಬಹಳ ಜನರ ನಿದ್ದೆ ಕೆಡಿಸಿತ್ತು. ಪೊಕೆಮಾನ್ ಗೋ ಸೆಟ್ಟಿನ ಸ್ನಾರ್ಲ್ಯಾಕ್ಸ್‌ಗೆ ಬ್ಲಾಕ್ ಅನ್ನುವ ಸಾಮರ್ಥ್ಯ ಇದೆ: ಅದು ಆಕ್ಟಿವ್ ಜಾಗದಲ್ಲಿರುವ ತನಕ ಎದುರಾಳಿಯ ಆಕ್ಟಿವ್ ಪೊಕೆಮಾನ್ ಹಿಂದೆ ಸರಿಯುವಂತಿಲ್ಲ. ಎದುರಾಳಿಯ ಬೆಂಚಿನಿಂದ ಹೊಡೆಯಲಾರದ ಒಂದು ಬಡಪಾಯಿಯನ್ನು ಮುಂದಕ್ಕೆ ಎಳೆದು, ಅಲ್ಲೇ ಕಟ್ಟಿಹಾಕಿ, ಅವರ ಡೆಕ್ ಖಾಲಿಯಾಗುವವರೆಗೆ ಕಾಯುವುದು ಈ ಡೆಕ್ಕಿನ ದಾರಿ. ಸರದಿಯ ಶುರುವಿಗೆ ಎಳೆಯಲು ಕಾರ್ಡಿಲ್ಲದವರು ಸೋತರು. ಈ ಡೆಕ್ಕಿನಲ್ಲಿ ಸ್ನಾರ್ಲ್ಯಾಕ್ಸ್‌ಗೆ ಎನರ್ಜಿ ಪೇರಿಸುವ ಗೋಜೇ ಇಲ್ಲ. ಅಷ್ಟೋ ಇಷ್ಟೋ ಏಟು ತಿಂದ ಸ್ನಾರ್ಲ್ಯಾಕ್ಸ್ ಅನ್ನು ಪೆನಿ ಎತ್ತಿಕೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ, ಬೆಂಚಿನಿಂದ ಇನ್ನೊಂದು ಸ್ನಾರ್ಲ್ಯಾಕ್ಸ್ ಮುಂದೆ ಬಂದು ಬೀಗ ಹಾಗೇ ಉಳಿಯುತ್ತದೆ. ಹಿಂದೆ ಸರಿಯಲು ನಾಲ್ಕು ಎನರ್ಜಿ ಬೇಡುವ ಪ್ರಾಣಿ ಅದು, ಪೆನಿಯ ಜೊತೆ ಅದೂ ಪುಕ್ಕಟೆ. ಹ್ಯಾಂಡ್ಸ್ ಡೆಕ್ಕಿನಲ್ಲಿ ಮೂರು ಸರದಿಯ ಬೆಲೆ ಕೇಳುವ ಅದೇ ಕಾರ್ಡು ಇಲ್ಲಿ ಸಪೋರ್ಟರ್ ಸರದಿಯೊಂದನ್ನು ಬಿಟ್ಟು ಬೇರೇನೂ ಕೇಳುವುದಿಲ್ಲ. ಪೆನಿಯ ಶಕ್ತಿ ಎಲ್ಲ ಕಡೆ ಒಂದೇ, ತೆರಿಗೆ ಮಾತ್ರ ಡೆಕ್ಕಿನಿಂದ ಡೆಕ್ಕಿಗೆ ಬೇರೆ.

ಈ ಸ್ನಾರ್ಲ್ಯಾಕ್ಸ್ ಎದುರು ಕೂತವರ ಕಡೆಯಿಂದಲೂ ನೋಡಬೇಕು, ಅಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಕಟ್ಟಿಬಿದ್ದ ನಿಮ್ಮ ಪೊಕೆಮಾನ್ ಬೇಸಿಕ್ ಆಗಿದ್ದರೆ ಪೆನಿ ಅದನ್ನು ಬಿಡಿಸುತ್ತಾಳೆ. ಸ್ವಿಚ್ ಥರದ ಐಟಂ ಕಾರ್ಡೂ ಬಿಡಿಸುತ್ತದೆ, ಅದಕ್ಕೆ ಸಪೋರ್ಟರ್ ಸರದಿಯೂ ಬೇಡ, ಹಾಗಾಗಿ ಸ್ವಿಚ್ಚೇ ಮೇಲು ಅನ್ನಿಸುತ್ತದೆ. ಆದರೆ ಕಟ್ಟಿಹಾಕುವ ಡೆಕ್ಕುಗಳ ಆಯುಧಗಳನ್ನು ನೋಡಿ. ಮಿಸ್ ಫಾರ್ಚೂನ್ ಸಿಸ್ಟರ್ಸ್ ಎದುರಾಳಿಯ ಡೆಕ್ಕಿನ ಮೇಲಿನ ಐದು ಕಾರ್ಡುಗಳಲ್ಲಿ ಇರುವ ಐಟಂಗಳನ್ನು ಬೇಕಾದಷ್ಟು ಕಸಕ್ಕೆ ಕಳಿಸುತ್ತದೆ. ಎರಿ ಎದುರಾಳಿಯ ಕೈ ತೆರೆಸಿ ಎರಡರವರೆಗೆ ಐಟಂಗಳನ್ನು ಎಸೆಸುತ್ತದೆ. ಎರಡೂ ಹುಡುಕುವುದು ಐಟಂಗಳನ್ನು. ಸಪೋರ್ಟರ್ ಅವಕ್ಕೆ ಕಾಣುವುದಿಲ್ಲ. ಬೇರೆಲ್ಲ ಕಡೆ ಪೆನಿಯ ಕೊರತೆ ಅನ್ನಿಸಿದ ಸಪೋರ್ಟರ್‌ತನವೇ ಇಲ್ಲಿ ಅವಳ ರಕ್ಷೆ. ಸ್ವಿಚ್ಚುಗಳೆಲ್ಲ ಕಸಕ್ಕೆ ಹೋದ ಮೇಲೂ ಪೆನಿ ಕೈಯಲ್ಲಿ ಕೂತಿರುತ್ತಾಳೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಬಹಳ ಸಂತೋಷವಾಗಿತ್ತು. ಒಂದು ಕಾರ್ಡಿನ ದೌರ್ಬಲ್ಯ ಅಂತ ನಾವು ಬರೆದಿಟ್ಟುಕೊಂಡದ್ದು ಎದುರಾಳಿ ಬದಲಾದಾಗ ಬಲವಾಗುವುದನ್ನು ನೋಡುವ ಸಂತೋಷ ಈ ಆಟದ ದೊಡ್ಡ ಸುಖಗಳಲ್ಲಿ ಒಂದು.

ಗಾಯಾಳುವನ್ನು ಉಳಿಸುವುದು ಒಂದು ಕೆಲಸ. ಹೊಣೆಯಾಗಿ ಕೂತವನನ್ನು ಎಬ್ಬಿಸುವುದು ಇನ್ನೊಂದು, ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು. ಸ್ಕ್ವಾಕಬಿಲಿ ಇಎಕ್ಸ್ ನಿಮ್ಮ ಮೊದಲ ಸರದಿಯಲ್ಲಿ ಕೈಯನ್ನು ಎಸೆದು ಆರು ಹೊಸ ಕಾರ್ಡು ಕೊಡುತ್ತದೆ. ಆಮೇಲೆ ಆಟವಿಡೀ 160 ಎಚ್‌ಪಿ ಹೊತ್ತು, ಎರಡು ಪ್ರೈಜ್ ಹೊತ್ತು, ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತದೆ. ಎದುರಾಳಿಗೆ ಕೊನೆಯ ಎರಡು ಪ್ರೈಜ್ ಬೇಕಾದಾಗ ಬಾಸಸ್ ಆರ್ಡರ್ಸ್ ಆಡಿ ಎಳೆಯುವುದು ಅದನ್ನೇ. ಅನುಭವಿ ಆಟಗಾರರು ಯಾವ ಪೊಕೆಮಾನ್‌ಗಳನ್ನು ಯಾವ ಕ್ರಮದಲ್ಲಿ ಕೆಡವಿ ಆರು ಎಣಿಸಬೇಕು ಅಂತ ಮೊದಲೇ ದಾರಿ ಹಾಕಿಕೊಂಡಿರುತ್ತಾರೆ. ಆ ದಾರಿಯಲ್ಲಿ ಸ್ಕ್ವಾಕಬಿಲಿ ಒಂದು ಮೆಟ್ಟಿಲು. ಒಂದು ಏಟೂ ಬೀಳದ ಆ ಹಕ್ಕಿಯನ್ನು ಪೆನಿ ಎತ್ತಿಕೊಂಡರೆ ಆ ಮೆಟ್ಟಿಲೇ ಇಲ್ಲ. ಏಟು ಬಿದ್ದಿರಲೇಬೇಕು ಅನ್ನುತ್ತಿದ್ದ ಅಸಿರೋಲಾ ಇದನ್ನು ಮಾಡಲಾರದಿತ್ತು. ಲ್ಯೂಮಿನಿಯನ್ ವಿ ಆದರೆ ಇನ್ನೂ ಒಳ್ಳೆಯದು. ಕೈಯಿಂದ ಬೆಂಚಿಗೆ ಇಳಿದಾಗ ಡೆಕ್ಕಿನಿಂದ ಒಂದು ಸಪೋರ್ಟರ್ ಹುಡುಕಿಕೊಡುವುದು ಅದರ ಸಾಮರ್ಥ್ಯ. ಅದನ್ನು ಎತ್ತಿ ಮತ್ತೆ ಇಳಿಸಿದರೆ ಮುಂದಿನ ಸರದಿಗೆ ಬೇಕಾದ ಸಪೋರ್ಟರ್ ಸಿಕ್ಕಿತು. ಮತ್ತೆ ಇಳಿಸಿದರೆ ಹೊಣೆಯೂ ಮತ್ತೆ ಬೆಂಚಿಗೆ ಬರುತ್ತದೆ ಅನ್ನುವುದನ್ನು ಆ ಹೊತ್ತಿಗೆ ತೂಗಬೇಕು.

2023ರ ನವೆಂಬರ್‌ನಲ್ಲಿ ಪ್ಯಾರಡಾಕ್ಸ್ ರಿಫ್ಟ್ ಸೆಟ್ಟಿನಲ್ಲಿ ಪ್ರೊಫೆಸರ್ ಟೂರೋಸ್ ಸಿನಾರಿಯೊ ಬಂದಾಗ ಪೆನಿಯ ಕತೆ ಮುಗಿಯಿತು ಅಂತ ಕೆಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಟೂರೋ ಯಾವ ಪೊಕೆಮಾನನ್ನಾದರೂ ಎತ್ತುತ್ತಾನೆ, ವಿಕಾಸಗೊಂಡದ್ದನ್ನೂ. ಆದರೆ ಸೇರಿಸಿದ ಕಾರ್ಡುಗಳು ಕಸಕ್ಕೆ ಹೋಗುತ್ತವೆ. ಓದಿದ ಕೂಡಲೇ ಪೆನಿ ಎನರ್ಜಿ ಉಳಿಸುತ್ತಾಳೆ, ಟೂರೋ ಕಳೆಯುತ್ತಾನೆ, ಬೇಸಿಕ್ ಡೆಕ್ಕಿಗೆ ಪೆನಿಯೇ ಮೇಲು ಅನ್ನಿಸುತ್ತದೆ.

ನಮ್ಮ ಹುಡುಗ ರೋರಿಂಗ್ ಮೂನ್ ಇಎಕ್ಸ್ ಆಡುವವನು. ಅದರ ಒಂದು ಹೊಡೆತ ಎದುರಿಗಿದ್ದದ್ದನ್ನು, ಎಚ್‌ಪಿ ಎಷ್ಟಿದ್ದರೂ ಸರಿ, ಕೆಡವಿಬಿಡುತ್ತದೆ, ಆದರೆ ತನಗೆ 200ರ ಏಟು ಕೊಟ್ಟುಕೊಳ್ಳುತ್ತದೆ. 230 ಎಚ್‌ಪಿಯಲ್ಲಿ ಉಳಿಯುವುದು 30. ಎತ್ತಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಿಕ್ಕಿಲ್ಲ. ಅವನ ಡೆಕ್ಕಿನಲ್ಲಿ ಟೂರೋ ನೋಡಿ ಕೇಳಿದೆ.

“ಬೇಸಿಕ್ ತಾನೆ, ಪೆನಿ ಯಾಕೆ ಹಾಕಲಿಲ್ಲ?”

“ಮಾಮ, ಎನರ್ಜಿ ಕೈಗೆ ಬಂದು ನಾನೇನು ಮಾಡ್ಲಿ? ಕಸದಲ್ಲಿದ್ರೆ ಡಾರ್ಕ್ ಪ್ಯಾಚ್ ಎತ್ತುತ್ತೆ, ಸಾಡಾ ಎತ್ತುತ್ತೆ. ನಂಗೆ ಅದು ಅಲ್ಲೇ ಬೇಕು.”

ಸರಿಯಾಗಿ ಹೇಳಿದ. ಡಾರ್ಕ್ ಪ್ಯಾಚ್ ಕಸದ ರಾಶಿಯಿಂದ ಕತ್ತಲೆಯ ಎನರ್ಜಿ ಎತ್ತಿ ಬೆಂಚಿನಲ್ಲಿರುವ ಕತ್ತಲೆಯ ಪೊಕೆಮಾನ್‌ಗೆ ಸೇರಿಸುತ್ತದೆ. ಪ್ರೊಫೆಸರ್ ಸಾಡಾಸ್ ವೈಟಾಲಿಟಿ ಏನ್‌ಷಂಟ್ ಅನ್ನುವ ಗುಂಪಿನ ಎರಡು ಪೊಕೆಮಾನ್‌ಗಳಿಗೆ ಅದೇ ರಾಶಿಯಿಂದ ಒಂದೊಂದು ಎನರ್ಜಿ ಕೊಟ್ಟು ಮೂರು ಕಾರ್ಡು ಎಳೆಯಲೂ ಬಿಡುತ್ತದೆ. ಆ ಡೆಕ್ಕಿಗೆ ಕಸದ ರಾಶಿಯೇ ಉಗ್ರಾಣ. ಕೈಗೆ ಬಂದ ಎನರ್ಜಿ ಸರದಿಗೊಂದರಂತೆ ಹೊರಡಬೇಕು. ಕಸಕ್ಕೆ ಹೋದದ್ದು ಒಂದೇ ಸರದಿಯಲ್ಲಿ ಎರಡು ಮೂರು ವಾಪಸ್ ಬರುತ್ತದೆ. ಗಾರ್ಡಿವಾರ್ ಇಎಕ್ಸ್ ಕೂಡ ಕಸದಿಂದಲೇ ಎನರ್ಜಿ ಎತ್ತುವುದು, ಅಲ್ಲೂ ಟೂರೋನೇ ಸರಿ. ಅಚ್ಚಾದ ಸಾಲಿನಲ್ಲಿ ನಷ್ಟದಂತೆ ಓದಿಸಿಕೊಳ್ಳುವ ಮಾತು ಅಂಥ ಡೆಕ್ಕಿನೊಳಗೆ ಲಾಭ. ಹುಡುಗನಿಗೆ ನಾನು ಹೇಳಿದ್ದು ಇನ್ನೊಂದು ತೊಡಕು: ಸಾಡಾ ಕೂಡ ಸಪೋರ್ಟರ್, ಟೂರೋ ಆಡಿದ ಸರದಿಯಲ್ಲಿ ಸಾಡಾ ಇಲ್ಲ, ಎನರ್ಜಿ ತರಲು ಡಾರ್ಕ್ ಪ್ಯಾಚ್ ಮಾತ್ರ. ಅವನು ತಲೆಯಾಡಿಸಿ ಟೂರೋ ಒಂದನ್ನೇ ಉಳಿಸಿಕೊಂಡ.

ಒಂದು ಪ್ರತಿ ಅನ್ನುವುದರ ಲೆಕ್ಕ ಹೇಳಿಬಿಡುತ್ತೇನೆ. 60ರಲ್ಲಿ ಒಂದೇ ಪ್ರತಿ ಇದ್ದರೆ ಮೊದಲ ಏಳರಲ್ಲಿ ಅದು ಬರುವ ಸಾಧ್ಯತೆ 60ಕ್ಕೆ 7, ಅಂದರೆ ಶೇ. 12ರ ಹತ್ತಿರ. ಪ್ರೈಜ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಶೇ. 10. ಎರಡು ಪ್ರತಿ ಇಟ್ಟರೆ ಮೊದಲ ಏಳರಲ್ಲಿ ಕನಿಷ್ಠ ಒಂದು ಬರುವ ಸಾಧ್ಯತೆ ಶೇ. 22, ಎರಡೂ ಪ್ರೈಜ್‌ನಲ್ಲಿ ಹೂತುಹೋಗುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ. ನಾಲ್ಕು ಇಟ್ಟರೆ ಮೊದಲ ಕೈಯಲ್ಲೇ ಶೇ. 40. ಮೊದಲ ಕೈಯಲ್ಲಿ ಪೆನಿ ಯಾರಿಗೂ ಬೇಡ. ಬೆಂಚಿನಲ್ಲಿ ಇನ್ನೂ ಯಾರೂ ಇಲ್ಲ, ಏಟು ಬಿದ್ದಿಲ್ಲ, ಬೇಕಾದ್ದು ಕಾರ್ಡು ಎಳೆಯುವ ಸಪೋರ್ಟರ್. ಹಾಗಾಗಿ ಇಂಥ ಕಾರ್ಡಿನ ಪ್ರತಿಗಳನ್ನು ಹೆಚ್ಚಿಸಿದರೆ ಬೇಡದ ಹೊತ್ತಿಗೆ ಬರುವುದೂ ಅಷ್ಟೇ ಹೆಚ್ಚುತ್ತದೆ. ಒಂದೇ ಇಟ್ಟು, ಅದನ್ನು ಬೇಕಾದಾಗ ತಲುಪುವ ದಾರಿ ಇಟ್ಟುಕೊಳ್ಳುವುದು ಜಾಣತನ. ಲ್ಯೂಮಿನಿಯನ್ ಆ ದಾರಿ. ಆಡಿ ಕಸಕ್ಕೆ ಹೋದ ಎರಡು ಸಪೋರ್ಟರ್‌ಗಳನ್ನು ಮತ್ತೆ ಡೆಕ್ಕಿಗೆ ಕಲೆಸುವ ಪಾಲ್ ಪ್ಯಾಡ್ ಇನ್ನೊಂದು.

ಕೈಯಲ್ಲಿ ಹಿಡಿದು ಕಾಯುವುದೂ ಅಷ್ಟು ಸುಲಭವಲ್ಲ. ಎದುರಾಳಿ ಅಯೋನೋ ಆಡಿದರೆ ಕೈಯಲ್ಲಿದ್ದದ್ದೆಲ್ಲ ಡೆಕ್ಕಿನ ತಳಕ್ಕೆ ಹೋಗಿ, ಉಳಿದ ಪ್ರೈಜ್‌ಗಳಷ್ಟು ಮಾತ್ರ ಹೊಸ ಕಾರ್ಡು ಸಿಗುತ್ತದೆ. ನಾವೇ ರಿಸರ್ಚ್ ಆಡಬೇಕಾಗಿ ಬಂದರೆ ಪೆನಿಯೂ ಕಸಕ್ಕೆ.

ಪರೀಕ್ಷಿಸುವುದು ಹೇಗೆ ಅಂತ ಕೇಳುವವರಿಗೆ ನಾನು ಅನುಸರಿಸುವ ಕ್ರಮ ಹೇಳುತ್ತೇನೆ. 2023ರ ಜೂನ್‌ನಿಂದ ಪೊಕೆಮಾನ್ ಟಿಸಿಜಿ ಲೈವ್ ಎಂಬ ಆಪ್ ಎಲ್ಲರಿಗೂ ಸಿಗುತ್ತಿರುವುದರಿಂದ ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ದೂರದವರ ಜೊತೆ ಆಡಬಹುದು, ಕಾರ್ಡು ಕೊಳ್ಳುವ ಮೊದಲೇ ಡೆಕ್ ಕಟ್ಟಿ ನೋಡಬಹುದು. ಆಡುವಾಗ ಪೆನಿ ಕೈಗೆ ಬಂದ ಪ್ರತಿ ಸಲ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಕ್ಷಣ ಇದರ ಬದಲು ಬಾಸಸ್ ಆರ್ಡರ್ಸ್ ಇದ್ದಿದ್ದರೆ ಚೆನ್ನಾಗಿತ್ತೇ? ಉತ್ತರವನ್ನು ಆಗಲೇ ಬರೆದಿಡುತ್ತೇನೆ, ಆಟ ಮುಗಿದ ಮೇಲೆ ಅಲ್ಲ. ಗೆದ್ದ ಆಟದಲ್ಲಿ ಪೆನಿ ಆಡಿದ್ದು ನೆನಪಿದ್ದರೆ ಗೆಲುವಿಗೆ ಅವಳೇ ಕಾರಣ ಅನ್ನಿಸಿಬಿಡುತ್ತದೆ, ಕೈಯಲ್ಲಿ ಸುಮ್ಮನೆ ಕೂತ ಹತ್ತಾರು ಸರದಿ ಮರೆತುಹೋಗುತ್ತದೆ. ಮೂಲೆಯ ಕಾರ್ಡುಗಳ ಬಗ್ಗೆ ನೆನಪು ಯಾವಾಗಲೂ ಧಾರಾಳಿ.

ಫೋನಿನ ಆಟಕ್ಕೂ ಎದುರು ಕೂತು ಆಡುವ ಪಂದ್ಯಕ್ಕೂ ವ್ಯತ್ಯಾಸ ಇದೆ. ಫೋನಿನಲ್ಲಿ ಒಂದೇ ಆಟ, ಎದುರಾಳಿಗೆ ನಿಮ್ಮ ಡೆಕ್ ಗೊತ್ತಿಲ್ಲ. ರೀಜನಲ್ ಪಂದ್ಯಗಳಲ್ಲಿ 50 ನಿಮಿಷದೊಳಗೆ ಮೂರರಲ್ಲಿ ಎರಡು ಗೆಲ್ಲಬೇಕು. ಮೊದಲ ಆಟದಲ್ಲಿ ಪೆನಿ ಕಂಡ ಎದುರಾಳಿ ಎರಡನೆಯದರಲ್ಲಿ ಎರಡು ಏಟಿಗೆ ಬೀಳುವ ಲೆಕ್ಕವನ್ನು ನಂಬುವುದಿಲ್ಲ. ಸ್ಕ್ವಾಕಬಿಲಿಯನ್ನು ಕೊನೆಗೆ ಬಿಡುವ ಬದಲು ಮೊದಲೇ ಎಳೆದು ಕೆಡವುತ್ತಾನೆ. ಅದಕ್ಕಾಗಿ ಅವನು ತನ್ನ ಬಾಸಸ್ ಆರ್ಡರ್ಸ್ ಒಂದನ್ನು ಬೇಗ ಖರ್ಚು ಮಾಡುತ್ತಾನೆ, ಅದೂ ಪೆನಿಯ ದುಡಿಮೆಯೇ, ಆ ಆಟದಲ್ಲಿ ಅವಳು ಡೆಕ್ಕಿನ ತಳದಲ್ಲೇ ಉಳಿದುಹೋಗಿದ್ದರೂ.

ಕೊಳ್ಳುವವರಿಗೆ ಒಂದು ಮಾತು: ಪೆನಿಯ ವಿಶೇಷ ಚಿತ್ರದ ಪ್ರತಿಗಳೂ ಇವೆ, ಸಂಗ್ರಹಕಾರರಿಗೆ ಅವು ಬಹಳ ಪ್ರಿಯ. ಚಿತ್ರ ಬೇರೆ, ಕೆಲಸ ಒಂದೇ. ಆಡುವುದಕ್ಕೆ ಸಾದಾ ಪ್ರತಿ ಸಾಕು.

ಈಗ ನಾನು ಕಟ್ಟುತ್ತಿರುವುದು ಐರನ್ ಥಾರ್ನ್ಸ್ ಇಎಕ್ಸ್ ಡೆಕ್. 230 ಎಚ್‌ಪಿಯ ಬೇಸಿಕ್. ಅದು ಆಕ್ಟಿವ್ ಆಗಿರುವಾಗ, ಫ್ಯೂಚರ್ ಗುಂಪಿನವನ್ನು ಬಿಟ್ಟು ಇಎಕ್ಸ್, ವಿ ಥರದ ದೊಡ್ಡ ಪೊಕೆಮಾನ್‌ಗಳ ಸಾಮರ್ಥ್ಯಗಳೆಲ್ಲ ಬಂದ್. ಅದರ 140ರ ಹೊಡೆತಕ್ಕೆ ಒಂದು ಗುಣ ಇದೆ, ಹೊಡೆದ ಮೇಲೆ ತನ್ನ ಎನರ್ಜಿಯೊಂದನ್ನು ಬೆಂಚಿನಲ್ಲಿರುವವನಿಗೆ ದಾಟಿಸುತ್ತದೆ. ಏಟು ತಿನ್ನುವ ಹೊತ್ತಿಗೆ ಮುಂದಿರುವವನ ಎನರ್ಜಿ ಒಂದಷ್ಟು ಹಿಂದಿನವನ ಬಳಿ ಸೇರಿರುತ್ತದೆ. ಆಗ ಪೆನಿ ಮುಂದಿನವನನ್ನು ಎತ್ತಿದರೆ ಹ್ಯಾಂಡ್ಸ್‌ನಲ್ಲಿ ಕಂಡ ತೆರಿಗೆ ಇಲ್ಲಿ ಕಡಿಮೆ, ಬೆಂಚಿನಿಂದ ಎದ್ದು ಬರುವ ಇನ್ನೊಂದು ಥಾರ್ನ್ಸ್ ಸಾಮರ್ಥ್ಯಗಳ ಬೀಗವನ್ನು ಮತ್ತೆ ಹಾಕುತ್ತದೆ. ಹೊಡೆಯುವ ಡೆಕ್ಕೊಂದರಲ್ಲಿ ಪೆನಿಗೆ ಸ್ನಾರ್ಲ್ಯಾಕ್ಸ್ ಡೆಕ್ಕಿನ ಸೌಕರ್ಯ ಅರ್ಧವಾದರೂ ಸಿಗುವುದು ನನಗೆ ಕಂಡಮಟ್ಟಿಗೆ ಇಲ್ಲೇ. ಪೆನಿ ಒಂದನ್ನು ಖಾಯಂ ಮಾಡಿದ್ದೇನೆ. ಎರಡನೆಯ ಪ್ರತಿಯ ಜಾಗದಲ್ಲಿ ಪಾಲ್ ಪ್ಯಾಡ್ ಇಟ್ಟು ನೋಡುತ್ತಿದ್ದೇನೆ, ಪೆನಿ ಬೇಡದ ಆಟದಲ್ಲಿ ಅದು ಬಾಸಸ್ ಆರ್ಡರ್ಸನ್ನು ವಾಪಸ್ ತರುತ್ತದೆ. ಇದೇ ಡೆಕ್ ಆಡುವವರು ಎರಡು ಪೆನಿ ಇಟ್ಟು ನೋಡಿದ್ದರೆ ಚಾರಿಜ಼ಾರ್ಡ್ ಎದುರು ಮೊದಲ ಮೂರು ನಾಲ್ಕು ಸರದಿಯಲ್ಲಿ ಏನಾಯಿತು ಅಂತ ಬರೆಯಿರಿ, ನನಗೆ ಅದೊಂದು ಗೊತ್ತಾಗಬೇಕಿದೆ.